ಹೂಸು, ತೇಗು, ಕಕ್ಕ: ಮಕ್ಕಳಿಗೆ ಹೊಟ್ಟೆಯ ಕಥೆ ಹೇಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆಯಲ್ಲಿ ನಾನು ಒಂದನೇ, ಎರಡನೇ ಕ್ಲಾಸಿನ ಟೀಚರ್. ಪಿಟಿಎ (ಹೆತ್ತವರ ಮತ್ತು ಟೀಚರುಗಳ ಸಂಘ) ಮೀಟಿಂಗ್ ಮುಗಿದು ಚಹಾ ಕುಡಿಯುವ ಹೊತ್ತಿಗೆ ಅಮ್ಮಂದಿರು, ಕೆಲವು ಸಲ ಅಪ್ಪಂದಿರೂ, ನನ್ನನ್ನು ಜಗಲಿಯ ಮೂಲೆಗೆ ಕರೆಯುತ್ತಾರೆ. ಆಚೀಚೆ ನೋಡಿ, ಸ್ವರ ತಗ್ಗಿಸಿ ಕೇಳುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಸ್ವರ ತಗ್ಗಿಸುವಂಥದ್ದು ಇದರಲ್ಲಿ ಎಂತದೂ ಇಲ್ಲ ಅಂತ ಬರೆದೇ ಹಾಕಿದ್ದೇನೆ.

ನನ್ನ ಮಗ ಇಡೀ ದಿನ "ಹೂಸು, ಹೂಸು" ಅಂತ ಹೇಳಿ ನಗುತ್ತಾನೆ. ಹಾಳಾಗ್ತಾ ಇದ್ದಾನಾ?

ಇಲ್ಲ. ಅವನಿಗೆ ಐದು ವರ್ಷ, ಅಷ್ಟೇ. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಜೋಕ್ ಲೋಕದಲ್ಲೇ ಇಲ್ಲ. ಮೊನ್ನೆ ಮೊನ್ನೆ ತಾನೇ ಚಡ್ಡಿ ಒದ್ದೆ ಮಾಡಿಕೊಳ್ಳದೆ ಇರಲು ಕಲಿತಿದ್ದಾನೆ. ಮೈ ತನ್ನ ಮಾತು ಕೇಳುತ್ತದೆ ಅಂತ ಈಗಷ್ಟೇ ಧೈರ್ಯ ಬಂದಿದೆ. ಅಷ್ಟರಲ್ಲಿ ಅದೇ ಮೈ ಹೇಳದೆ ಕೇಳದೆ "ಪುಸ್" ಅಂದರೆ ನಗು ಬಾರದೆ ಇರುತ್ತದಾ?

ಒಂದು ದಿನ ಎರಡರ ಮಗ್ಗಿ ಹೇಳಿಸುತ್ತಿದ್ದೆ. ಎರಡೇಳು ಹದಿನಾಲ್ಕು ಆಗುವಾಗ ಹಿಂದಿನ ಬೆಂಚಿನಿಂದ ಸದ್ದು ಬಂತು. ಕ್ಲಾಸು ಗಪ್‌ಚಿಪ್. ನಾನು ಯಾರು ಅಂತ ಕೇಳಲೂ ಇಲ್ಲ, ಒಬ್ಬ ಎದ್ದು ನಿಂತು "ನಾನಲ್ಲ ಟೀಚರ್" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಮಗ್ಗಿಯನ್ನು ಅಲ್ಲಿಗೇ ಬಿಟ್ಟು ಬೋರ್ಡಿನಲ್ಲಿ ಒಂದು ಹೊಟ್ಟೆ ಬಿಡಿಸಿದೆ. ಆ ಇಡೀ ವರ್ಷದಲ್ಲಿ ಅಷ್ಟು ಗಮನ ಕೊಟ್ಟು ಮಕ್ಕಳು ಕೇಳಿದ ಪಾಠ ಬೇರೆ ಇಲ್ಲ.

ಯಾವ ಶಬ್ದ ಬಳಸಬೇಕು? ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು.

ಕಾಸರಗೋಡಿನವರಿಗೆ ಈ ಕಷ್ಟ ಸ್ವಲ್ಪ ಜಾಸ್ತಿ. ನನ್ನ ಕ್ಲಾಸಿನಲ್ಲಿ ತುಳು, ಹವ್ಯಕ, ಕೊಂಕಣಿ, ಮಲಯಾಳ, ಬ್ಯಾರಿ ಮಾತಾಡುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬಳು ಕಕ್ಕ ಅನ್ನುತ್ತಾಳೆ, ಪಕ್ಕದವಳು ಅಪ್ಪಿ ಅನ್ನುತ್ತಾಳೆ. ಇವನ ಹೂಸು ಅವನಿಗೆ ವಳಿ. ನಮ್ಮ ತೇಗು ಮಲಯಾಳದಲ್ಲಿ ಏಂಬಕ್ಕಂ.

ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಈ ಎಲ್ಲ ಶಬ್ದಗಳನ್ನೂ ಬೋರ್ಡಿನಲ್ಲಿ ಬರೆಯುತ್ತೇನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಹತ್ತು ನಿಮಿಷ ಬಿಟ್ಟರೆ ನಗು ತಾನಾಗಿ ಮುಗಿಯುತ್ತದೆ, ಶಬ್ದ ಉಳಿಯುತ್ತದೆ. ಆಮೇಲೆ ಒಂದು ಮಗು ಬಂದು "ಅಪ್ಪಿ" ಅಂದರೆ ಟೀಚರಿಗೂ ಅರ್ಥವಾಗುತ್ತದೆ, ಪಕ್ಕದವನಿಗೂ ಅರ್ಥವಾಗುತ್ತದೆ.

ಮನೆಯ ಶಬ್ದದ ಜೊತೆ ಡಾಕ್ಟರಿಗೆ ಹೇಳುವ ಶಬ್ದವೂ ಗೊತ್ತಿರಲಿ: ಮಲ, ಮೂತ್ರ, ಗುದದ್ವಾರ. ಗುಪ್ತಾಂಗಗಳ ಹೆಸರೂ ಅಷ್ಟೇ. "ಅಲ್ಲಿ", "ಕೆಳಗೆ", "ಅದು" ಅಂತ ಮಾತ್ರ ಹೇಳಿ ಬೆಳೆಸಿದರೆ ಅಲ್ಲಿ ನೋವಾದ ದಿನ ಹೇಳಲು ಮಗುವಿಗೆ ಮಾತೇ ಇರುವುದಿಲ್ಲ.

ತಿಂದದ್ದು ಎಲ್ಲೆಲ್ಲಿ ಹೋಗುತ್ತದೆ ಅಂತ ಹೇಗೆ ಹೇಳಿಕೊಡುವುದು?

ಚಾರ್ಟ್ ತೋರಿಸಿದರೆ ಮಕ್ಕಳು ಆಕಳಿಸುತ್ತಾರೆ. ಬಸ್ಸು ಬಿಟ್ಟರೆ ಎದ್ದು ಕೂರುತ್ತಾರೆ. ನಮ್ಮದು ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸು.

ಬಾಯಿ ಅಂದರೆ ಕಾಸರಗೋಡು ಬಸ್‌ಸ್ಟ್ಯಾಂಡ್. ನೀರುದೋಸೆ ಬಸ್ ಹತ್ತಬೇಕು. ಹಲ್ಲುಗಳು "ದೊಡ್ಡ ಲಗೇಜ್ ಆಗುವುದಿಲ್ಲ" ಅಂತ ಅದನ್ನು ತುಂಡು ತುಂಡು ಮಾಡುತ್ತವೆ. ಜೊಲ್ಲು ನೀರು ಹಾಕಿ ನಾದುತ್ತದೆ. ನಾಲಿಗೆ ಕಂಡಕ್ಟರ್, "ಒಳಗೆ ಹೋಗಿ, ಒಳಗೆ ಹೋಗಿ" ಅಂತ ಹಿಂದಕ್ಕೆ ದೂಡುತ್ತದೆ. ಅನ್ನನಾಳ ಎಕ್ಸ್‌ಪ್ರೆಸ್ ರೋಡು, ಹತ್ತು ಸೆಕೆಂಡಿನೊಳಗೆ ಕುಂಬಳೆ. ಕುಂಬಳೆ ಅಂದರೆ ಹೊಟ್ಟೆಚೀಲ, ಜಠರ. ಇಲ್ಲಿ ಬಸ್ಸು ಎರಡರಿಂದ ನಾಲ್ಕು ಗಂಟೆ ನಿಲ್ಲುತ್ತದೆ. ಸುಮ್ನೆ ನಿಲ್ಲುವುದಿಲ್ಲ, ಕುಲುಕುತ್ತಾ ನಿಲ್ಲುತ್ತದೆ. ಮೇಲಿಂದ ಬಿಂಬುಳಿಯನ್ನೂ ಲಿಂಬೆಯನ್ನೂ ಮೀರಿಸುವ ಹುಳಿನೀರು ಸುರಿಯುತ್ತದೆ. ದೋಸೆ ಗಂಜಿಯಾಗುತ್ತದೆ. ಗಂಜಿ ಆದವರನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಬಿಡಲು ಅಲ್ಲೊಂದು ಗೇಟು ಇದೆ.

ಬಂದ್ಯೋಡಿನಲ್ಲಿ ಇಬ್ಬರು ಹತ್ತುತ್ತಾರೆ. ಒಬ್ಬರು ಪಿತ್ತಕೋಶದಿಂದ ಬಂದ ಹಸಿರು ಅಂಗಿಯ ಪಿತ್ತರಸ, ಎಣ್ಣೆ ತುಪ್ಪದ ಜಿಡ್ಡು ಒಡೆಯುವವರು. ಇನ್ನೊಬ್ಬರು ಮೇದೋಜೀರಕ ಗ್ರಂಥಿಯ ರಸ, ಎಲ್ಲದಕ್ಕೂ ಕೈ ಹಾಕುವವರು. ಉಪ್ಪಳ, ಹೊಸಂಗಡಿ, ತಲಪಾಡಿ ಇವೆಲ್ಲ ಸಣ್ಣ ಕರುಳು. ಒಂದೊಂದು ಸ್ಟಾಪಿನಲ್ಲೂ ಸಕ್ಕರೆ, ಪ್ರೋಟೀನ್, ಕೊಬ್ಬು ಇಳಿಯುತ್ತಾ ಹೋಗುತ್ತವೆ. ಹೊರಗೆ ಕೆಂಪು ಆಟೋಗಳು ಕಾಯುತ್ತಿರುತ್ತವೆ, ಅದೇ ರಕ್ತ. ಕೈಗೆ, ಕಾಲಿಗೆ, ಮಿದುಳಿಗೆ ಮನೆ ಮನೆಗೆ ಬಿಟ್ಟು ಬರುತ್ತವೆ. ತೊಕ್ಕೊಟ್ಟಿಗೆ ಬರುವಾಗ ದೊಡ್ಡ ಕರುಳು. ಉಳಿದ ನೀರನ್ನೂ ಹೀರಿ ತೆಗೆದಾಯಿತು. ಇನ್ನು ಬಸ್ಸಿನಲ್ಲಿ ಇರುವವರು ಯಾರಿಗೂ ಬೇಡದವರು.

ಮೊದಲ ವರ್ಷ ಕೊನೆಯ ಸ್ಟಾಪು ಮಂಗಳೂರು ಅಂತ ಹೇಳಿಬಿಟ್ಟೆ. ಒಬ್ಬಳಿಗೆ ಸಿಟ್ಟೇ ಬಂತು. "ಅಲ್ಲಿ ನನ್ನ ಮಾವನ ಮನೆ ಉಂಟು ಟೀಚರ್." ಮಾರನೇ ವರ್ಷ ಬಸ್ಸನ್ನು ತಿರುಗಿಸಿ ಮಂಗಳೂರಿನಿಂದ ಬಿಟ್ಟೆ. ಆಗ ಕೊನೆಯ ಸ್ಟಾಪು ನಮ್ಮೂರೇ ಆಯಿತು, ಹೆಡ್‌ಮಾಸ್ಟ್ರು ಮುಖ ಸಿಂಡರಿಸಿದರು. ಈಗ ಕೊನೆಯ ಸ್ಟಾಪಿಗೆ ಊರಿನ ಹೆಸರಿಲ್ಲ. "ಡಿಪೋ" ಅಷ್ಟೇ.

ನಿಜವಾದ ಬಸ್ಸಿಗೆ ಈ ದಾರಿ ಸುಮಾರು 50 ಕಿಲೋಮೀಟರ್. ನೀರುದೋಸೆಗೆ ಬಾಯಿಂದ ಡಿಪೋದವರೆಗೆ ಒಂದರಿಂದ ಮೂರು ದಿನ ಬೇಕು. ಹೈವೇ ಕೆಲಸ ನಡೆಯುವಾಗ ನಮ್ಮ ಬಸ್ಸೂ ಹಾಗೇ ಹೋಗುತ್ತಿತ್ತು, ಅದು ಬೇರೆ ಮಾತು.

ಸಣ್ಣ ಕರುಳು ದೊಡ್ಡ ಕರುಳಿಗಿಂತ ಉದ್ದ ಅಂತೆ. ಮಕ್ಕಳು ನಂಬುವುದಿಲ್ಲ.

ಒಂದು ಸೀರೆ ತನ್ನಿ. ಮಡಿಕೆ ಬಿಚ್ಚಿ, ಅಂಗಳದಲ್ಲಿ ಇಬ್ಬರು ಮಕ್ಕಳ ಕೈಗೆ ಎರಡು ತುದಿ ಕೊಡಿ. ಐದೂವರೆ ಮೀಟರ್. ದೊಡ್ಡವರ ಸಣ್ಣ ಕರುಳು ಅದಕ್ಕಿಂತ ಸ್ವಲ್ಪ ಉದ್ದವೇ, ಸುಮಾರು ಆರು ಮೀಟರ್. ದೊಡ್ಡ ಕರುಳು ಒಂದೂವರೆ ಮೀಟರ್, ಒಂದು ಬೈರಾಸಿನಷ್ಟು, ಅಂದರೆ ಟವೆಲ್ಲಿನಷ್ಟು. ಅಗಲ ಜಾಸ್ತಿ ಅಂತ ಅದಕ್ಕೆ ದೊಡ್ಡ ಅಂತ ಹೆಸರು.

ಆಮೇಲೆ ಆ ಸೀರೆಯನ್ನು ಒಂದು ಸಣ್ಣ ತೊಟ್ಟೆಗೆ ತುಂಬಿಸಲು ಹೇಳಿ. ಹೊಟ್ಟೆಯೊಳಗೆ ಕರುಳು ಯಾಕೆ ಸುತ್ತಿ ಸುತ್ತಿ ಕೂತಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಹಳೆಯ ಸೀರೆಯೇ ಆಗಲಿ. ನಾನು ಒಮ್ಮೆ ರೇಷ್ಮೆ ಸೀರೆ ಕೊಟ್ಟು ಕೆಟ್ಟೆ.

ಅನ್ನ ಅಗಿದು ತಿನ್ನು ಅಂದರೆ ನುಂಗಿಬಿಡುತ್ತಾಳೆ. ಏನು ಮಾಡುವುದು?

ಬೈಯಬೇಡಿ, ಪಂಥ ಕಟ್ಟಿ. ಒಂದು ತುತ್ತು ಅನ್ನ, ಸಾರು ಪಲ್ಯ ಏನೂ ಇಲ್ಲದ್ದು. ನುಂಗದೆ ಒಂದು ನಿಮಿಷ ಅಗಿಯಬೇಕು. ನಿಧಾನಕ್ಕೆ ಬಾಯಿ ಸಿಹಿಯಾಗುತ್ತದೆ. ಜೊಲ್ಲಿನಲ್ಲಿ ಅಮೈಲೇಸ್ ಅಂತ ಒಂದು ಕಿಣ್ವ ಇದೆ, ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. "ನಿನ್ನ ಬಾಯಲ್ಲೇ ಪಾಯಸ ಆಯಿತು ನೋಡು" ಅನ್ನಿ. ನಮ್ಮ ಕುಚ್ಚಲಕ್ಕಿ ಅನ್ನದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಅದನ್ನು ಹೇಗೂ ಅಗಿಯಲೇಬೇಕಲ್ಲ.

ದೊಡ್ಡವರ ಬಾಯಲ್ಲಿ ದಿನಕ್ಕೆ ಸುಮಾರು ಒಂದು ಲೀಟರ್ ಜೊಲ್ಲು ಬರುತ್ತದೆ. ಒಂದು ಲೀಟರಿನ ನೀರಿನ ಬಾಟ್ಲಿ ಎತ್ತಿ ತೋರಿಸಿ. "ಈ..." ಅಂತ ಒಂದು ಉದ್ದದ ಸ್ವರ ಗ್ಯಾರಂಟಿ.

ಹೂಸು ಯಾಕೆ ಬರುತ್ತದೆ? ಸದ್ದು ಮಾಡದ್ದು ಯಾಕೆ ಜಾಸ್ತಿ ನಾರುತ್ತದೆ?

ಎಲ್ಲರಿಗೂ ಬಾಯಿಬಿಟ್ಟು ಕೇಳಲು ಆಸೆ ಇರುವ ಪ್ರಶ್ನೆ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

ಗಾಳಿ ಎರಡು ಕಡೆಯಿಂದ. ಒಂದು, ತಿನ್ನುವಾಗ ಮಾತಾಡಿ ನುಂಗಿದ್ದು. ಎರಡು, ದೊಡ್ಡ ಕರುಳಿನಲ್ಲಿ ವಾಸ ಇರುವ ಬ್ಯಾಕ್ಟೀರಿಯಾಗಳು ಮಾಡಿದ್ದು. ಕೆಲವು ತಿಂಡಿಗಳಲ್ಲಿ ಇರುವ ಒಂದು ಬಗೆಯ ಸಕ್ಕರೆ ಸಣ್ಣ ಕರುಳಿನಲ್ಲಿ ಕರಗುವುದಿಲ್ಲ. ಕಡಲೆ, ಅಲಸಂಡೆ, ಹೆಸರುಕಾಳು ಎಲ್ಲ ಆ ಜಾತಿ. ಹಲಸಿನ ಬೇಳೆಯ ಪ್ರತಾಪ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಕರಗದೆ ಬಂದದ್ದು ಬ್ಯಾಕ್ಟೀರಿಯಾಗಳಿಗೆ ಮದುವೆ ಊಟ. ಉಂಡು ಗ್ಯಾಸ್ ಬಿಡುತ್ತವೆ. ಅಂದರೆ ನಮ್ಮ ಹೂಸಿನಲ್ಲಿ ಹೆಚ್ಚಿನ ಪಾಲು ಅವುಗಳದ್ದು. ಈ ಮಾತು ಹೇಳಿದ ಮೇಲೆ ನನ್ನ ಕ್ಲಾಸಿನಲ್ಲಿ "ನಾನಲ್ಲ ಟೀಚರ್, ಬ್ಯಾಕ್ಟೀರಿಯಾ" ಅಂತ ಹೊಸ ನೆಪ ಶುರುವಾಗಿದೆ.

ಅದರಲ್ಲಿ ಇರುವ ಸಾರಜನಕ, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್, ಮೀಥೇನ್ ಯಾವುದಕ್ಕೂ ವಾಸನೆಯೇ ಇಲ್ಲ. ನಾರುವುದು ಚಿಟಿಕೆಯಷ್ಟು ಇರುವ ಗಂಧಕದ ಅನಿಲಗಳು. ಮೊಟ್ಟೆ, ಮೂಲಂಗಿ, ಕ್ಯಾಬೇಜ್ ತಿಂದರೆ ಗಂಧಕ ಜಾಸ್ತಿ.

ಇನ್ನು ಸದ್ದು. ಗಾಳಿ ಹೊರಡುವ ವೇಗ, ಬಾಗಿಲಿನ ಬಿಗಿ, ಇವೆರಡರ ಮೇಲೆ ಹೋಗುತ್ತದೆ. ಬಲೂನಿನ ಬಾಯಿ ಎಳೆದು ಹಿಡಿದು ಗಾಳಿ ಬಿಟ್ಟು ತೋರಿಸಿ, ಒಂದೇ ಸಲಕ್ಕೆ ಅರ್ಥವಾಗುತ್ತದೆ. ನುಂಗಿದ ಗಾಳಿ ರಾಶಿ ಇದ್ದರೆ ಸದ್ದು ಜೋರು, ವಾಸನೆ ಕಮ್ಮಿ. ಬ್ಯಾಕ್ಟೀರಿಯಾ ಮಾಡಿದ್ದು ಸ್ವಲ್ಪವೇ ಇದ್ದು ಮೆಲ್ಲ ಹೊರಟರೆ ಸದ್ದಿಲ್ಲ, ಆದರೆ ಗಂಧಕ ಗಟ್ಟಿ. ಯಾವಾಗಲೂ ಹೀಗೇ ಅಂತ ಅಲ್ಲ. ಆದರೂ "ಡರ್ರ್ ಬುರ್ರ್ ಭಯಂ ನಾಸ್ತಿ, ನಿಶ್ಶಬ್ದಂ ಪ್ರಾಣಸಂಕಟಂ" ಅಂತ ಪಂಕ್ತಿಯಲ್ಲಿ ಕೂತು ನಕ್ಕ ಹಿರಿಯರು ಪೂರ್ತಿ ತಪ್ಪು ಹೇಳಿದ್ದಲ್ಲ.

ದಿನಕ್ಕೆ 10ರಿಂದ 20 ಸಲ ಎಲ್ಲರಿಗೂ ಇದ್ದದ್ದೇ. ಕಲೆಕ್ಟರಿಗೂ, ತಂತ್ರಿಗಳಿಗೂ.

ತೇಗು, ಬಿಕ್ಕಳಿಕೆ?

ತೇಗು ಸುಲಭ. ಗೋಲಿಸೋಡಾ ಒಡೆಯುವಾಗ "ಠುಸ್" ಅನ್ನುತ್ತದಲ್ಲ, ಅದೇ ಗಾಳಿ ಹೊಟ್ಟೆಗೆ ಹೋಗಿ ಬಂದ ದಾರಿಯಲ್ಲೇ ವಾಪಸು ಬರುವುದು. ಹಟ್ಟಿಯಲ್ಲಿ ದನ ಇದ್ದರೆ ತೋರಿಸಿ. ನಮ್ಮ ಕಾಸರಗೋಡು ಗಿಡ್ಡ ನೋಡಲು ಎಷ್ಟು ಸಣ್ಣದಿದ್ದರೂ ಅದರ ಹೊಟ್ಟೆಯಲ್ಲೂ ನಾಲ್ಕು ಕೋಣೆ, ಮೆಲುಕು ಹಾಕುತ್ತಾ ಇಡೀ ದಿನ ತೇಗುತ್ತದೆ. ದನದ ಮೀಥೇನ್ ಹೆಚ್ಚಿನದೂ ಬಾಯಿಂದಲೇ ಬರುವುದು. ಮಕ್ಕಳು ಮಾತ್ರ ಹಿಂದುಗಡೆ ಹೋಗಿ ನಿಲ್ಲುತ್ತಾರೆ.

ಬಿಕ್ಕಳಿಕೆ ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇರುವ ವಪೆ ತಟ್ಟನೆ ಸೆಳೆಯುವುದು, ಮರುಕ್ಷಣ ಗಂಟಲಿನ ಬಾಗಿಲು ಮುಚ್ಚುವುದು. "ಅಮ್ಮನ ಹೊಟ್ಟೆಯಲ್ಲಿ ಇದ್ದಾಗಲೂ ನಿನಗೆ ಬಿಕ್ಕಳಿಕೆ ಬರುತ್ತಿತ್ತು" ಅಂತ ಹೇಳಿ ನೋಡಿ. ಮುಖ ಅರಳುತ್ತದೆ.

ಹೊಟ್ಟೆ "ಗುರ್ರ್" ಅನ್ನುವುದು ಹಸಿವಿಗೇ ಹೌದಾ?

ಕರುಳು ಯಾವಾಗಲೂ ಸದ್ದು ಮಾಡುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಇರುವಾಗ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಮೇಲಿನಿಂದ ಕೆಳಗಿನವರೆಗೆ ಗುಡಿಸಿಕೊಂಡು ಹೋಗುತ್ತದೆ. ಆಗ ಒಳಗೆ ಗಾಳಿ ನೀರು ಬಿಟ್ಟು ಬೇರೇನೂ ಇಲ್ಲದ ಕಾರಣ ಜೋರಾಗಿ ಕೇಳುತ್ತದೆ. ಯಕ್ಷಗಾನ ನೋಡುವ ಮಕ್ಕಳಿಗೆ ನಾನು ಹೇಳುವುದು ಹೀಗೆ: ರಂಗಸ್ಥಳ ಖಾಲಿ, ಚೆಂಡೆ ಮಾತ್ರ ಬಾರಿಸ್ತಾ ಉಂಟು. ವೇಷ ಇನ್ನೂ ಬಂದಿಲ್ಲ.

ಬೀಜ ನುಂಗಿದರೆ ಹೊಟ್ಟೆಯಲ್ಲಿ ಮರ ಆಗುತ್ತದೆ ಅಂತ ಅಣ್ಣ ಹೆದರಿಸಿದ್ದಾನೆ.

ಪುನರ್ಪುಳಿ ಬೀಜ, ಕಿತ್ತಳೆ ಬೀಜ ನುಂಗಿದರೆ ಇಡಿಯಾಗಿ ಡಿಪೋ ತಲುಪುತ್ತವೆ. ಬಿಸಿಲಿಲ್ಲ, ಮಣ್ಣಿಲ್ಲ, ಮೇಲಿಂದ ಹುಳಿನೀರು. ಮರ ಆಗುವುದು ಎಲ್ಲಿಂದ?

ಇಲ್ಲಿ ಮಾತ್ರ ನಗು ಬದಿಗಿಡಿ. ರಿಮೋಟ್ ಮತ್ತು ಆಟಿಕೆಯ ಗುಂಡಿಯಂಥ ಬ್ಯಾಟರಿ, ಸಣ್ಣ ಅಯಸ್ಕಾಂತ ನುಂಗಿದ್ದಾರೆ ಅಂತ ಸಂಶಯ ಬಂದರೂ ಸಾಕು, ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಹುದು. "ನುಂಗಿದೆ" ಅಂತ ಹೇಳಿದ ಮಗುವಿಗೆ ಬೈದರೆ ಮುಂದಿನ ಸಲ ಅದು ಹೇಳುವುದಿಲ್ಲ.

ಕಕ್ಕದ ಬಣ್ಣ ಯಾಕೆ ಕಂದು? ಒಮ್ಮೊಮ್ಮೆ ಬೇರೆ ಬಣ್ಣ ಬರುತ್ತದಲ್ಲ?

ನಮ್ಮ ಕೆಂಪು ರಕ್ತಕಣಗಳಿಗೆ ಸುಮಾರು 120 ದಿನ ಆಯುಸ್ಸು. ಹಳತಾದದ್ದನ್ನು ಮೈ ಒಡೆಯುತ್ತದೆ. ಅದರಿಂದ ಬಂದ ಬಣ್ಣ ಪಿತ್ತರಸದ ಜೊತೆ ಕರುಳಿಗೆ ಇಳಿದು, ಬ್ಯಾಕ್ಟೀರಿಯಾಗಳ ಕೈ ಸೇರಿ ಕಂದಾಗುತ್ತದೆ. ಉಚ್ಚೆಯ ಹಳದಿಯೂ ಅದೇ ಮನೆತನದ್ದು. ಇಬ್ಬರೂ ಅಣ್ಣ ತಮ್ಮ ಅಂತ ಹೇಳುತ್ತೇನೆ.

ಕೆಂಪು ಹರಿವೆ ಸಾಂಬಾರು ಅಥವಾ ಬೀಟ್‌ರೂಟ್ ತಿಂದ ಮಾರನೇ ದಿನ ಕೆಂಪು ಕಂಡರೆ ಹೆದರಬೇಡಿ, ನಿನ್ನೆ ಏನು ತಿಂದದ್ದು ಅಂತ ಮೊದಲು ನೆನಪು ಮಾಡಿಕೊಳ್ಳಿ. ಕಬ್ಬಿಣದ ಮಾತ್ರೆ ತಿನ್ನುವ ಮಕ್ಕಳಿಗೆ ಕಪ್ಪಾಗಿ ಹೋಗುವುದುಂಟು. ಅಂಥ ಕಾರಣ ಏನೂ ಇಲ್ಲದೆ ಡಾಮರಿನ ಹಾಗೆ ಕಪ್ಪು, ರಕ್ತ, ಅಥವಾ ಸುಣ್ಣದ ಹಾಗೆ ಬಿಳಿ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು "ಅಮ್ಮ, ಇವತ್ತು ನನ್ನದು ಬೇರೆ ಬಣ್ಣ" ಅಂತ ಊಟದ ಮೇಜಿನಲ್ಲಿ ಘೋಷಣೆ ಮಾಡಿದಳಂತೆ. ಅಮ್ಮನಿಗೆ ನಾಚಿಕೆ. ನನಗೆ ಮಾತ್ರ ಖುಷಿ.

ಶಾಲೆಯಲ್ಲಿ ಎರಡಕ್ಕೆ ಹೋಗುವುದೇ ಇಲ್ಲ, ಕಟ್ಟಿಕೊಂಡು ಬರುತ್ತಾನೆ.

ಇದು ನಾನು ತಪ್ಪು ಮಾಡಿ ಕಲಿತ ಪಾಠ. ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಟಾಯ್ಲೆಟ್‌ಗೆ ಬೀಗ, ಕೀ ಆಫೀಸಿನಲ್ಲಿ. ಒಂದನೇ ಕ್ಲಾಸಿನ ಹುಡುಗ ಬೆರಳೆತ್ತಿದ. "ಪಿರಿಯಡ್ ಮುಗೀಲಿ, ಕೂತ್ಕೋ" ಅಂದೆ. ಐದು ನಿಮಿಷದಲ್ಲಿ ಬೆಂಚಿನ ಕೆಳಗಿಂದ ನೀರು ಹರಿದು ಬಂತು. ಅವನ ಕಣ್ಣು ನೆಲದ ಮೇಲೆ. ಬೇರೆಯವರು ನೋಡುವ ಮೊದಲು ಅಲ್ಲಿ ಹೋಗಿ ನನ್ನ ಬಾಟ್ಲಿಯನ್ನು ಬೀಳಿಸಿದೆ. "ಅಯ್ಯೋ, ಟೀಚರ್ ನಿನ್ನ ಮೇಲೆಲ್ಲ ನೀರು ಚೆಲ್ಲಿಬಿಟ್ಟರಲ್ಲ ಮಗಾ" ಅಂತ ಹೊರಗೆ ಕರಕೊಂಡು ಹೋದೆ. ಆ ದಿನದಿಂದ ನನ್ನ ಕ್ಲಾಸಿನಲ್ಲಿ ಬೆರಳೆತ್ತಿದವರಿಗೆ ಬೇಡ ಅಂದದ್ದಿಲ್ಲ. ಕೆಲವರು ಸುಮ್ನೆ ತಿರುಗಾಡಲು ಹೋಗುತ್ತಾರೆ, ಗೊತ್ತು. ಹೋಗಲಿ.

ಕಟ್ಟಿಕೊಂಡರೆ ಏನಾಗುತ್ತದೆ? ದೊಡ್ಡ ಕರುಳು ನೀರು ಹೀರುತ್ತಲೇ ಇರುತ್ತದೆ. ಕಕ್ಕ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ನೋಯಿಸುತ್ತದೆ. ನೋವಿಗೆ ಹೆದರಿ ಇನ್ನೂ ಕಟ್ಟಿಕೊಳ್ಳುತ್ತಾರೆ. ಕೆಲವು ಸಲ ಗಟ್ಟಿಯಾದದ್ದು ಒಳಗೆ ಕೂತು, ಅದರ ಬದಿಯಿಂದ ತೆಳ್ಳಗಿನದು ಚಡ್ಡಿಗೆ ಸೋರುತ್ತದೆ. ಮಗು ಬೇಕೂಂತ ಮಾಡಿದ್ದಲ್ಲ. ಎಷ್ಟೋ ಸಲ ಅದಕ್ಕೆ ಗೊತ್ತೇ ಆಗಿರುವುದಿಲ್ಲ. ಪೆಟ್ಟು ಕೊಡಬೇಡಿ, ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಮಾಡುವುದು ಇಷ್ಟು. ತಿಂಡಿ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಎಚ್ಚರವಾಗುತ್ತದೆ, ಹಾಗಾಗಿ ಬೆಳಗ್ಗಿನ ತಿಂಡಿ ಆದ ಮೇಲೆ ಐದು ಹತ್ತು ನಿಮಿಷ ಕೂರಿಸಿ. ಯುರೋಪಿಯನ್ ಕಮೋಡ್ ಆದರೆ ಕಾಲಿನ ಕೆಳಗೆ ಒಂದು ಮಣೆ ಇಡಿ, ಮೊಣಕಾಲು ಮೇಲೆ ಬರಲಿ. ನಮ್ಮ ಹಳೆಯ ಕುಕ್ಕರಗಾಲಿನ ಕಕ್ಕಸಿನಲ್ಲಿ ಆ ಸೌಕರ್ಯ ಮೊದಲೇ ಇತ್ತು. ಬಸಳೆ, ಹಣ್ಣು, ಜೀರಿಗೆ ನೀರು ದಿನಾ ಇರಲಿ. ಸ್ಕೂಲ್ ವ್ಯಾನ್ ಏಳೂವರೆಗೆ ಬರುವುದಾದರೆ ಮಗುವನ್ನು ಕಾಲು ಗಂಟೆ ಬೇಗ ಎಬ್ಬಿಸಿ.

ಅತ್ತೆ ಹೇಳ್ತಾರೆ, "ಉಣ್ಣುವ ಹೊತ್ತಿಗೆ ಇಂಥ ಮಾತಾ?" ಅಂತ.

ಉಣ್ಣುವ ಹೊತ್ತಿಗೆ ಬೇಡ, ಅಲ್ಲಿ ಅತ್ತೆಯ ಮಾತು ಸರಿ. ನನ್ನ ಮನೆಯಲ್ಲೂ ಬಾಳೆ ಎಲೆ ಮಡಚುವವರೆಗೆ ಈ ವಿಷಯಕ್ಕೆ ರಜೆ.

ಆದರೆ ಅಜ್ಜಿಯರನ್ನು ನಮ್ಮ ಪಾರ್ಟಿಗೆ ಸೇರಿಸಿಕೊಳ್ಳುವುದು ಸುಲಭ. ಹಾಲು ಕುಡಿದ ಕೂಸಿನ ಹೊಟ್ಟೆ ಸವರುತ್ತಾ "ವಾತಾಪಿ ಜೀರ್ಣೋಭವ" ಅಂತ ಹೇಳಿದವರು ಯಾರು? ಅವರೇ ಅಲ್ವಾ? ಆ ಕಥೆ ಕೇಳಿ ನೋಡಿ. ಇಲ್ವಲ ತಮ್ಮನನ್ನು ಆಡಿನ ರೂಪಕ್ಕೆ ತಿರುಗಿಸಿ, ಅಡುಗೆ ಮಾಡಿ ಬಡಿಸುವುದು. ಉಂಡವರ ಹೊಟ್ಟೆ ಸೀಳಿ ವಾತಾಪಿ ಹೊರಗೆ ಬರುವುದು. ಅಗಸ್ತ್ಯರು ಮಾತ್ರ ಅರಗಿಸಿಕೊಂಡರು. "ವಾತಾಪಿ, ಬಾ" ಅಂತ ಕರೆದರೆ ಅಗಸ್ತ್ಯರಿಂದ ಹೊರಟದ್ದು ಬರೀ ವಾಯು. ಇದು ನನ್ನ ತಲೆಯಿಂದ ಬಂದದ್ದಲ್ಲ, ಮಹಾಭಾರತದ ವನಪರ್ವದಲ್ಲೇ ಇದೆ. ಇಷ್ಟು ಹೇಳಿದ ಮೇಲೆ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗದಿದ್ದರೆ ನನಗೆ ಹೇಳಿ.

ನಗು ಅತಿಯಾಯಿತು ಅಂತ ಹೇಗೆ ಗೊತ್ತಾಗುವುದು?

ಒಬ್ಬ ಮಗು ನಗುವುದನ್ನು ನಿಲ್ಲಿಸಿದರೆ ಅತಿಯಾಯಿತು ಅಂತ ಲೆಕ್ಕ. ಹೂಸಿಗೆ ನಗಬಹುದು, ಹೂಸು ಬಿಟ್ಟವನಿಗೆ ಅಡ್ಡಹೆಸರು ಇಡಬಾರದು. ಹಾಸಿಗೆ ಒದ್ದೆ ಮಾಡುವುದು, ವಾಂತಿ, ಭೇದಿ, ತೊದಲು, ಇವು ನನ್ನ ಕ್ಲಾಸಿನಲ್ಲಿ ಜೋಕಿಗೆ ಸಿಗುವುದಿಲ್ಲ. ನೆಂಟರ ಎದುರು "ಇವ ನಿನ್ನೆ ರಾತ್ರಿ ಪುನಃ ಒದ್ದೆ ಮಾಡಿದ" ಅಂತ ನಗುವ ದೊಡ್ಡವರಿಗೂ ಇದು ಅನ್ವಯ.

ಇನ್ನೊಂದು, ಟಾಯ್ಲೆಟ್ ಬಾಗಿಲು ಮುಚ್ಚಿಕೊಳ್ಳುವ ಹಕ್ಕು ಐದು ವರ್ಷದವರಿಗೂ ಇದೆ. ತೊಳೆಯಲು ಸಹಾಯ ಮಾಡುವವರು ಯಾರು ಅಂತ ಮಗುವಿಗೆ ಗೊತ್ತಿರಲಿ. ಬೇರೆ ಯಾರಾದರೂ ಅಲ್ಲಿ ಮುಟ್ಟಿ "ಯಾರಿಗೂ ಹೇಳಬೇಡ" ಅಂದರೆ ಕೂಡಲೇ ಹೇಳಬೇಕು ಅಂತಲೂ ಗೊತ್ತಿರಲಿ. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಉಚ್ಚೆ ಕಕ್ಕದ ಮಾತು ಮನೆಯಲ್ಲಿ ಸಲೀಸಾಗಿ ಬರುತ್ತಿದ್ದರೆ ಈ ಮಾತೂ ಬರುತ್ತದೆ.

ಶಾಲೆಯಲ್ಲಿ ಹುಳದ ಮಾತ್ರೆ ಕೊಡುತ್ತಾರೆ. ಹುಳವೇ ಇಲ್ಲದಿದ್ದರೂ ಬೇಕಾ?

ಬೇಕು. ಹುಳ ಇದೆಯೋ ಇಲ್ಲವೋ ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಆಲ್ಬೆಂಡಜೋಲ್ ಮಾತ್ರೆ ಅದು, ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂ, ಚೆನ್ನಾಗಿ ಅಗಿದು ತಿನ್ನಬೇಕು. ಆ ದಿನ ಮಗುವಿಗೆ ಜ್ವರ ಇದ್ದರೆ ಟೀಚರಿಗೆ ಮೊದಲೇ ಹೇಳಿ. ಹುಳಗಳ ಬಗ್ಗೆ ಜಾಸ್ತಿ ವರ್ಣನೆ ಬೇಡ, ಒಬ್ಬಳು ಎರಡು ದಿನ ಶಾವಿಗೆ ಮುಟ್ಟಲಿಲ್ಲ.

ಭೇದಿ ಶುರುವಾದರೆ?

ಓಆರ್‌ಎಸ್. ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಅರ್ಧ ಪ್ಯಾಕೆಟ್ ಅಂದಾಜಿಗೆ ಹಾಕುವುದು ಬೇಡ. ಚಮಚ ಚಮಚವಾಗಿ ಕುಡಿಸುತ್ತಾ ಇರಿ, ಊಟ ನಿಲ್ಲಿಸಬೇಡಿ. ಉಚ್ಚೆ ಹೋಗುವುದು ಕಮ್ಮಿಯಾದರೆ, ಕಣ್ಣು ಒಳಗೆ ಹೋದರೆ, ಮಗು ಮಂಕಾದರೆ ಆಸ್ಪತ್ರೆಗೆ.

ಮೂರನೇ, ನಾಲ್ಕನೇ ಕ್ಲಾಸಿನವರಿಗೆ ಇನ್ನೂ ಏನಾದರೂ ಕಥೆ ಉಂಟಾ?

ಉಂಟು, ಹೊಟ್ಟೆಗೆ ಕಿಟಕಿ ಇದ್ದವನ ಕಥೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಅಕಸ್ಮಾತ್ ಗುಂಡು ತಗಲಿತು. ಬದುಕಿದ, ಆದರೆ ಜಠರದ ತೂತು ಮುಚ್ಚಲೇ ಇಲ್ಲ. ಮದ್ದು ಮಾಡಿದ ಡಾಕ್ಟರ್ ವಿಲಿಯಂ ಬೋಮಾಂಟ್ 1825ರಿಂದ ರೇಷ್ಮೆ ನೂಲಿಗೆ ಮಾಂಸ, ಬ್ರೆಡ್ಡು, ಕ್ಯಾಬೇಜ್ ತುಂಡು ಕಟ್ಟಿ ಆ ತೂತಿನಲ್ಲಿ ಇಳಿಸಿ, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದರು. ಬಾವಿಗೆ ಕೊಡಪಾನ ಇಳಿಸಿದ ಹಾಗೆ. ಹೊಟ್ಟೆಯ ರಸವೇ ಆಹಾರವನ್ನು ಕರಗಿಸುತ್ತದೆ ಅಂತ ಕಣ್ಣಾರೆ ಕಂಡದ್ದು ಹಾಗೆ. ಸೇಂಟ್ ಮಾರ್ಟಿನ್‌ಗೆ ಇದು ಸಾಕಾಗಿ ನಡುವೆ ಬಿಟ್ಟು ಹೋದದ್ದೂ ಇದೆ. ತೂತು ಇಟ್ಟುಕೊಂಡೇ 1880ರ ತನಕ ಬದುಕಿದ. "ಅವ ನೀರು ಕುಡಿದರೆ ಸೋರುತ್ತಿತ್ತಾ?" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಮೊದಮೊದಲು ಬಟ್ಟೆ ಒತ್ತಿ ಕಟ್ಟದಿದ್ದರೆ ಸೋರುತ್ತಿತ್ತು.

"ಟೀಚರ್, ನೀವೂ ಹೂಸು ಬಿಡ್ತೀರಾ?" ಅಂತ ಮಕ್ಕಳು ಕೇಳಿದರೆ ಏನು ಹೇಳುವುದು?

ಹೌದು ಅಂತಲೇ ಹೇಳಬೇಕು. ನಾನು ಹೇಳಿದ್ದೇನೆ. ಬುತ್ತಿಯಲ್ಲಿ ಹಲಸಿನ ಬೇಳೆ ಪಲ್ಯ ಇದ್ದ ದಿನ ಕೊನೆಯ ಪಿರಿಯಡನ್ನು ಮಾವಿನ ಮರದ ಕೆಳಗೆ ಮಾಡುತ್ತೇನೆ. ಗಾಳಿ ಚೆನ್ನಾಗಿದೆ ಅಂತ ಮಕ್ಕಳಿಗೆ ಹೇಳಿದ್ದೇನೆ.